ಗರಸು ಸಿಗುವ ತನಕ

ನನ್ನ ಅತ್ತೆ ಊಟ ಕಡಿಮೆ ಮಾಡಿದ್ದು ಸಿಟ್ಟಿಗಲ್ಲ, ವ್ರತಕ್ಕೂ ಅಲ್ಲ. ಉಂಡರೆ ಬಯಲಿಗೆ ಹೋಗಬೇಕಾಗುತ್ತದೆ ಎಂದು ಕಡಿಮೆ ಮಾಡಿದಳು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅಕ್ಷರ ನಾನು ತಡವಾಗಿ ಕಲಿತವಳು, ಅದೂ ಅರ್ಧಮರ್ಧ. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಬೈಲಹೊಂಗಲದಿಂದ ಎರಡು ಹರದಾರಿ ಒಳಗೆ ನನ್ನ ಗಂಡನ ಊರು. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು, ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದೆವು. ಊರಿನಲ್ಲಿ ಯಾರ ಮನೆಗೂ ಪಾಯಖಾನೆ ಇರಲಿಲ್ಲ. ಗಂಡಸರು ಹಳ್ಳದ ಕಡೆ ಹೋಗುತ್ತಿದ್ದರು, ಹೆಂಗಸರು ಹೊತ್ತು ಮೂಡುವ ಮುಂಚೆ ಊರ ಹಿಂದಿನ ಬಯಲಿಗೆ. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಮಳೆಗಾಲದಲ್ಲಿ ಆ ಕರಿಯ ಎರೆಮಣ್ಣು ಕಾಲು ಹಿಡಿದರೆ ಬಿಡುವುದಿಲ್ಲ. ಹತ್ತು ಹೆಜ್ಜೆ ಇಡುವುದರೊಳಗೆ ಒಂದೊಂದು ಕಾಲೂ ತುಂಬಿದ ಕೊಡದಷ್ಟು ಭಾರವಾಗುತ್ತದೆ. ಅಂಥ ಒಂದು ಶ್ರಾವಣದಲ್ಲಿ ಅತ್ತೆ ಬಿದ್ದಳು. ಕಾಲು ಮಣ್ಣಿನಲ್ಲಿ ಹುಗಿದುಕೊಂಡೇ ಉಳಿಯಿತು, ಮೈ ಮಾತ್ರ ತಿರುಗಿತು. ಪಾದದ ಹರಡಿನ ಮೇಲೆ ಎಲುಬು ಮುರಿಯಿತು.

ಎಲುಬು ಕೂಡಿಸುವವನು ಬಂದು ಬಿದಿರ ದಬ್ಬೆ ಕಟ್ಟಿದ. ಮೂರು ತಿಂಗಳಿಗೆ ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟಾಯಿತು. ಬಯಲಿಗೆ ಮಾತ್ರ ನಾನು ಒಂದು ಕಡೆ, ಬಗಲಮನೆಯಾಕೆ ಒಂದು ಕಡೆ ಹಿಡಿದು ಒಯ್ಯಬೇಕು. ಕೆಳಗೆ ಕೂರಲು ಕಾಲು ಬಗ್ಗುವುದಿಲ್ಲ, ಅಲ್ಲಿಯೂ ನಾವೇ ಹಿಡಿದುಕೊಂಡು ನಿಲ್ಲಬೇಕು. ಬಗಲಮನೆಯಾಕೆ ಹಿಡಿಯುವಷ್ಟು ಹಿಡಿದು, ಆಮೇಲೆ ಓಣಿಯಲ್ಲಿ ಹೇಳುವಷ್ಟು ಹೇಳಿಯೂ ಬರುತ್ತಿದ್ದಳು.

ಅತ್ತೆ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ನಾಲ್ಕು ಜೋಡಿ ಎತ್ತಿನ ಒಕ್ಕಲುತನ ನಡೆಸಿದವಳು. ಆಳುಗಳು ಆಕೆಯ ಕೆಮ್ಮು ಕೇಳಿದರೆ ಎದ್ದು ನಿಲ್ಲುತ್ತಿದ್ದರು. ಅಂಥವಳನ್ನು ದಿನಾ ಬೆಳಗ್ಗೆ ಇಬ್ಬರು ಹೆಂಗಸರು ಚೀಲದಂತೆ ಹೊರುವುದು. ಆಕೆ ಒಂದು ಲೆಕ್ಕ ಹಾಕಿದಳು. ಒಳಗೆ ಹೋಗುವುದು ಕಡಿಮೆಯಾದರೆ ಹೊರಗೆ ಹೋಗುವುದೂ ಕಡಿಮೆ.

"ಅತ್ತಿ, ಇನ್ನೊಂದ ರೊಟ್ಟಿ ಹಾಕ್ಲೇನ್ರಿ?"

"ಬ್ಯಾಡ. ಹೊಟ್ಟಿ ತುಂಬೈತಿ."

"ಅರ್ಧಾ ರೊಟ್ಟಿಗೆ ಯಾರ ಹೊಟ್ಟಿ ತುಂಬತೈತ್ರಿ?"

"ತುಂಬಿದ್ದನ್ನ ಹೊರಾವ್ರು ಯಾರ? ನೀನ, ಮತ್ತ ಆ ಬಾಯಿಬಡಕಿ. ಸುಮ್ನ ಉಣ್ಣ ಹೋಗ."

ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿಯತೊಡಗಿದಳು. ಕುಪ್ಪಸದ ತೋಳು ಸಡಿಲಾಗಿ ಜೋತುಬಿದ್ದವು. ನನ್ನ ಗಂಡನಿಗೆ ಇದು ಕಾಣುವುದಕ್ಕೆ ಬಹಳ ದಿನ ಹಿಡಿಯಿತು. ಕಂಡ ಮೇಲೆ ತಡ ಮಾಡಲಿಲ್ಲ. ಹಿತ್ತಲಿನಲ್ಲಿ ಕುಣಿ ತೋಡಿಸಿ, ಒಳಗೆ ಕಲ್ಲು ಕಟ್ಟಿಸಿ, ಪಾಯಖಾನೆ ಮಾಡಿಸುತ್ತೇನೆ ಎಂದು ಕಿತ್ತೂರ ಕಡೆಯಿಂದ ಒಬ್ಬ ಗೌಂಡಿಯನ್ನು ಕರೆತಂದ. ಒಳ್ಳೆಯ ಕೆಲಸಗಾರ. ಆದರೆ ಅವನ ಕೈ ಪಳಗಿದ್ದು ಕೆಂಪುಮಣ್ಣಿನಲ್ಲಿ.

ಆಗ ಚೈತ್ರ. ಎರೆ ಬಾಯಿ ಬಿಟ್ಟಿತ್ತು. ಹಿತ್ತಲಿನ ಒಂದು ಬಿರುಕಿನಲ್ಲಿ ನನ್ನ ಕುಡಗೋಲು ಬಿದ್ದು ಮತ್ತೆ ಸಿಕ್ಕಿರಲಿಲ್ಲ. ಗೌಂಡಿ ಎದೆಮಟ್ಟ ತೋಡಿ ಎರಡು ಕೊಡ ನೀರು ಸುರಿಸಿದ. ನೀರು ಕಣ್ಣೆದುರಿಗೇ ಮಾಯವಾಯಿತು.

"ನೋಡ್ರಿ ಸಾವಕಾರ, ಹೆಂಗ ಕುಡಿತೈತಿ ಇದು. ಇದಕ್ಕ ಊರ ಮಂದಿದು ಹಾಕಿದ್ರೂ ಸಾಲೂದಿಲ್ಲ."

ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. "ಮಣ್ಣ ಕುಡದಿಲ್ರಿ. ಬಿರುಕಿಗೆ ಹೋಗಾಕತ್ತೈತಿ. ಮಳಿ ಬಿದ್ರ ಬಿರುಕ ಮುಚ್ಚತಾವು" ಎಂದೆ.

ಗಂಡ ತಿರುಗಿಯೂ ನೋಡಲಿಲ್ಲ. "ಹದಿನೆಂಟ ವರ್ಷದಿಂದ ಈ ಮಣ್ಣ ಹರಗಾಕತ್ತೇನಿ. ನೀ ಸವದತ್ತಿ ಗುಡ್ಡದಾಗ ಕಲ್ಲ ಆರಿಸಿದಾಕಿ. ಎರಿ ಸುದ್ದಿ ನನಗ ಹೇಳ್ತೀ?"

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಸವದತ್ತಿಯ ಗುಡ್ಡದ ಬುಡದ ಕೆಂಪು ಮಣ್ಣು, ಕಲ್ಲಿನ ಊರು ನನ್ನ ತವರು. ಎರೆ ಕಂಡದ್ದು ಮದುವೆಯಾದ ಮೇಲೆ. ಆದರೆ ಗಂಡಸರಿಗೆ ಗೊತ್ತಿರುವುದು ಹೊಲದ ಎರೆ, ಜೋಳ ಹತ್ತಿ ಬೆಳೆಯುವ ಮೇಲಿನ ಒಂದು ಮೊಳ. ಒಲೆ ಹಾಕುವುದು, ಗೋಡೆ ಮೆತ್ತುವುದು, ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹೊತ್ತು ಹಾಕುವುದು ಎಲ್ಲ ನಮ್ಮ ಕೈ. ಆ ಮನೆಗೆ ಬಂದ ಮೊದಲ ವರ್ಷ ಎರೆಯಲ್ಲಿ ಒಲೆ ಹಾಕಿದೆ, ಮೊದಲ ಬೆಂಕಿಗೇ ಮೂರು ಹೋಳಾಯಿತು. ತವರಿನಿಂದ ತಂದ ಕರಿಬೇವಿನ ಸಸಿಯನ್ನು ಹಿತ್ತಲಿನಲ್ಲಿ ಕುಣಿ ತೋಡಿ ಹಚ್ಚಿದೆ, ಮೊದಲ ಮಳೆಗಾಲದಲ್ಲಿ ಬೇರು ಕೊಳೆತು ಸತ್ತಿತು. ಕಿತ್ತು ನೋಡಿದರೆ ಕುಣಿಯಲ್ಲಿ ಗಡಿಗೆಯಲ್ಲಿ ನಿಂತಂತೆ ನೀರು ನಿಂತಿತ್ತು. ಮರುವರ್ಷ ಅದೇ ಕುಣಿಯನ್ನು ಸೊಂಟದಾಳ ತೋಡಿ, ಗರಸು ಎನ್ನುತ್ತೇವಲ್ಲ, ಆ ಹಳದಿ ಹರಳು ಮಣ್ಣನ್ನು ತುಂಬಿ, ಮೇಲೆ ಬೂದಿ, ಹಳೆಯ ಗೊಬ್ಬರ ಹಾಕಿ, ಮಣ್ಣನ್ನು ದಿಬ್ಬ ಮಾಡಿ ಹಚ್ಚಿದೆ. ಆ ಗಿಡದ ಸೊಪ್ಪನ್ನು ಓಣಿಯವರೆಲ್ಲ ಒಯ್ದರು. ನಾನು ಕಲಿತದ್ದು ಹೀಗೆ, ಕೆಡಿಸಿ ಕಲಿತದ್ದು.

ಕುಣಿ ಅಲ್ಲಿಯೇ ಆಯಿತು. ಒಳಗೆ ಸುತ್ತಲೂ ಕಲ್ಲು, ಮೇಲೆ ಕಲ್ಲು ಹಾಸು, ಅತ್ತೆಗೆ ಕೂರಲು ಬಡಿಗೇರನಿಂದ ನಡುವೆ ತೂತಿರುವ ಮಣೆ, ಸುತ್ತ ಹತ್ತಿಕಟ್ಟಿಗೆಯ ತಟ್ಟಿ. ಅತ್ತೆ ಮೊದಲ ಎರಡು ದಿನ ಮುಖ ಸಿಂಡರಿಸಿದಳು. ಮೂರನೆಯ ದಿನ ಒಬ್ಬಳೇ ಹೋಗಿ ಬಂದಳು. ಆ ಮಧ್ಯಾಹ್ನ ಒಂದೂವರೆ ರೊಟ್ಟಿ ಉಂಡಳು. ನಾನು ಹೇಳಿದ್ದು ಸುಳ್ಳಾಯಿತಲ್ಲ ಎಂದು ನನಗೇ ಸಂತೋಷವಾಗಿತ್ತು.

ಎರಡು ತಿಂಗಳು. ಆಮೇಲೆ ಮಿರಗದ ಮಳೆ ಹಿಡಿಯಿತು. ಬಿರುಕುಗಳು ಒಂದೊಂದಾಗಿ ಮುಚ್ಚಿದವು. ಎರೆ ಉಬ್ಬಿತು, ಉಬ್ಬಿದ್ದು ಒಳಗಿನ ಕಲ್ಲುಗಳನ್ನು ಕುಣಿಯ ಕಡೆಗೆ ತಳ್ಳಿತು. ನೀರು ಇಳಿಯುವುದು ನಿಂತು ಏರತೊಡಗಿತು. ಎಂಟನೆಯ ದಿನ ಕುಣಿಯಲ್ಲಿದ್ದದ್ದೆಲ್ಲ ಎದ್ದು ಹಿತ್ತಲಿಗೆ ಬಂತು, ನನ್ನ ಬದನೆ, ಮೆಂತ್ಯದ ಮಡಿಗಳ ಮೇಲೆ.

ಬಗಲಮನೆಯಾಕೆ ಗೋಡೆಯ ಮೇಲೆ ಗದ್ದವಿಟ್ಟು ನೋಡಿದಳು. "ಏನವಾ, ನಿಮ್ಮ ಬದನಿಕಾಯಿ ಈ ಸಲ ಭಾರಿ ದಪ್ಪ ಬರತಾವ ಬಿಡ."

ಅತ್ತೆ ಒಳಗೆ ಕೂತು ಕೇಳಿದಳು. ಅಂದು ತಾಟಿಗೆ ಕೈ ಹಾಕಲಿಲ್ಲ. ಮರುದಿನದಿಂದ ಮುಂಚಿನ ಅರ್ಧ ರೊಟ್ಟಿಯೂ ಹೋಗಿ ಚೌತ, ಅಂದರೆ ಕಾಲು ರೊಟ್ಟಿಯಾಯಿತು. ಗಂಡ ಬಂಡಿಯಲ್ಲಿ ಮಣ್ಣು ತಂದು ಆ ಕುಣಿಯನ್ನು ಮುಚ್ಚಿದ. ನಾನು ಮೊದಲೇ ಹೇಳಿದ್ದೆ ಎಂದು ಅವನಿಗೆ ಹೇಳಲಿಲ್ಲ. ಮುಖ ನೋಡಿದರೆ ಅವನಿಗೆ ನೆನಪಿತ್ತು.

ಅತ್ತೆ ಇಳಿಯುತ್ತ ಹೋದಳು. ದಸರೆಯ ಹೊತ್ತಿಗೆ ಕೋಲು ಹಿಡಿದು ಏಳುವುದೂ ಕಷ್ಟವಾಯಿತು. ಇನ್ನೊಂದು ವರ್ಷ ಹೀಗೇ ಹೋದರೆ ಆಕೆ ಇರುವುದಿಲ್ಲ ಎಂದು ನನಗೆ ತಿಳಿಯಿತು.

ದೀಪಾವಳಿ ಕಳೆದು ಗೌಂಡಿ ತಾನಾಗಿಯೇ ಬಂದ. ತಾನು ಕಟ್ಟಿದ್ದು ಕುಸಿಯಿತೆಂಬ ಸುದ್ದಿ ಕಿತ್ತೂರ ತನಕ ಹೋಗಿತ್ತಂತೆ, ಮುಖ ತೋರಿಸಲು ನಾಚಿಕೆಯಾಗಿತ್ತಂತೆ. ಅಂಗಳದಲ್ಲಿ ಅಡ್ಡಾಡಿ, ನಮ್ಮ ಹಗೇವಿನ ಮುಚ್ಚಳಕಲ್ಲಿನ ಮೇಲೆ ನಿಂತ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಒಳಗೆ ಎರಡಾಳು ಮಿಕ್ಕಿ ಆಳ. ಕಾಳು ಚೀಲದಲ್ಲಿ ಪೇಟೆಗೆ ಹೋಗುವುದು ಹೆಚ್ಚಾದ ಮೇಲೆ ನಮ್ಮದು ಬರಿದಾಗಿ ಬಿದ್ದಿತ್ತು.

"ಸಾವಕಾರ, ತಯಾರ ಕುಣಿ ಇಲ್ಲೇ ಐತಲ್ರಿ. ಇದರ ಬಾಯಿಗೆ ಮಣಿ ಕುಂದ್ರಿಸಿದ್ರ ಮುಗೀತು."

ನನ್ನ ಗಂಡ ಕೂಡಲೇ ಇಲ್ಲ ಎನ್ನಲಿಲ್ಲ. ಒಂದು ಗಳಿಗೆ ಆ ಮುಚ್ಚಳಕಲ್ಲನ್ನು ನೋಡಿದ. ಆ ಒಂದು ಗಳಿಗೆ ಸಾಕಾಯಿತು, ಏಳಲಾಗದ ಅತ್ತೆ ಕೋಲು ಊರಿಕೊಂಡು ಬಾಗಿಲಿಗೆ ಬಂದಳು.

"ಬರಗಾಲದಾಗ ಅದರಾಗಿನ ಜ್ವಾಳ ಉಂಡ ಬದಕೀರಿ ನೀವೆಲ್ಲ. ಅದರ ಮ್ಯಾಲ ನಾ ಕುಂದರ್ಲೇನ? ಉಪಾಸ ಸತ್ತರೂ ಅಡ್ಡಿ ಇಲ್ಲ. ಗೌಂಡಿ, ನೀ ಚಾ ಕುಡದ ಹೊಂಟ ಹೋಗ."

ಗೌಂಡಿ ಚಹಾ ಕುಡಿದ. ಹೋಗಲಿಲ್ಲ. ತಲೆ ತಗ್ಗಿಸಿ ಕಟ್ಟೆಯ ಮೇಲೆ ಕೂತ. ನನಗೆ ಮಾತ್ರ ಬೇರೆ ವಿಚಾರ ಹತ್ತಿತು.

"ಅತ್ತಿ, ಈ ಹಗೇವಿನಾಗ ಎಂದರ ನೀರ ಬಂದಿತ್ತೇನ್ರಿ?"

"ನಮ್ಮ ಮಾವಾರ ತೋಡ್ಸಿದ್ದದು. ಎಂಥಾ ಮಳಿಗೂ ಒಂದ ಕಾಳ ಮುಗ್ಗಿಲ್ಲ."

ಸುತ್ತಲೂ ನೀರು ಹಿಡಿದು ನಿಲ್ಲುವ ಎರೆ, ನಡುವೆ ಒಣಗಿದ ಹಗೇವು. ತಳದಲ್ಲಿ ಏನೋ ಇರಲೇಬೇಕು. ಮುಚ್ಚಳ ತೆಗೆಸಿರಿ, ನಾನು ಇಳಿದು ನೋಡುತ್ತೇನೆ ಎಂದೆ.

"ನೀ ಇಳೀತೀ?" ಎಂದ ಗಂಡ.

"ನೀವ ಇಳೀರಿ ಬೇಕಾರ. ಹೆಗಲ ಹಿಡಿಸಿದ್ರ."

ಹಿಡಿಸುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಹೊಸ ಸೊಸೆಯಾಗಿದ್ದಾಗ ಜೋಳ ತೆಗೆಯಲು ನನ್ನನ್ನೇ ಇಳಿಸುತ್ತಿದ್ದರು. ಮುಂಜಾನೆ ತೆಗೆದ ಮುಚ್ಚಳವನ್ನು ಮಧ್ಯಾಹ್ನದ ತನಕ ಹಾಗೇ ಬಿಟ್ಟೆವು, ಒಳಗಿನ ಕೆಟ್ಟ ಗಾಳಿ ಹೋಗಲೆಂದು. ಮೊದಲು ಕಂದೀಲು ಇಳಿಸಿ ನೋಡಿದೆವು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಆರಲಿಲ್ಲ. ಕಚ್ಚೆ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದೆ.

ಬಾಯಿಯಿಂದ ಒಂದಾಳು ಮಿಕ್ಕಿ ಬರೀ ಎರೆ. ಅದರ ಕೆಳಗೆ ಮೊಳದಷ್ಟು ಸುಣ್ಣದ ಹರಳು ಬೆರೆತ ಬಿಳಿಮಣ್ಣು. ಅದರ ಕೆಳಗೆ ತಳದ ತನಕ ಗರಸು. ಉಗುರಿನಲ್ಲಿ ಕೆರೆದರೆ ಉದುರಿತು. ಚಿಟಿಕೆ ಬಾಯಿಗೆ ಹಾಕಿಕೊಂಡೆ. ಎರೆ ನಾಲಿಗೆಗೆ ಅಂಟುತ್ತದೆ, ಇದು ಹಲ್ಲಿಗೆ ಕರಕರ ಎಂದಿತು. ಒಂದು ತಂಬಿಗೆ ನೀರು ಇಳಿಸಿರಿ ಎಂದೆ. ಸುರಿದು ತಂಬಿಗೆ ಕೆಳಗಿಡುವುದರೊಳಗೆ ನೀರಿಲ್ಲ. ಆಗ ಅರ್ಥವಾಯಿತು. ಮೇಲಿನ ಎರೆ ಮಳೆಗೆ ಉಬ್ಬಿ ಮುಚ್ಚಳವಾಗುತ್ತದೆ, ತಪ್ಪಿಸಿ ಒಳಗೆ ಬಂದ ಹನಿಯನ್ನು ಕೆಳಗಿನ ಗರಸು ನಿಲ್ಲಗೊಡುವುದಿಲ್ಲ. ಗೋಡೆಗೆ ಹಳೆಯ ಹುಲ್ಲು ಇನ್ನೂ ಅಂಟಿತ್ತು. ಕಾಳು ಮಣ್ಣಿಗೆ ತಾಗಬಾರದೆಂದು ನಡುವೆ ಗೇಣು ದಪ್ಪ ಹುಲ್ಲು ತುಂಬುತ್ತಾರೆ. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡು ಮೇಲೆ ಬಂದೆ.

"ನೀವ ತೋಡಿದ್ದು ಎರ್ಯಾಗ ನಿಂತಿತ್ರಿ. ಗರಸ ಸಿಗೂ ತನಕಾ ಅಗೀಬೇಕು" ಎಂದೆ.

ಗಂಡ ಈ ಸಲ ಕೇಳಿದ. ಆದರೆ ಗಂಡಸು, ಸುಲಭದ ದಾರಿ ಹುಡುಕಿದ. "ಹಂಗಾರ ಓಣಿ ಬಾವಿ ಹಂತೇಕ, ನಮ್ಮ ಜಾಗದ ತುದ್ಯಾಗ ತೋಡೂಣು. ಅಲ್ಲಿ ಮೊಳಕ್ಕ ಗರಸ ಐತಿ."

"ಅಲ್ಲಿ ಬ್ಯಾಡ್ರಿ."

"ಮತ್ಯಾಕ?"

ನನ್ನ ತವರಿನಲ್ಲಿ ಒಬ್ಬರು ದೊಡ್ಡ ಮನೆ ಕಟ್ಟಿಸುವಾಗ ಬಾವಿಯ ಮೇಲ್ಗಡೆ ಗರಸಿನಲ್ಲಿ ಗುಂಡಿ ಮಾಡಿ ಸುಣ್ಣ ಅರಳಿಸಿದ್ದರು. ತಿಂಗಳೊಳಗೆ ಬಾವಿಯ ನೀರಿನಲ್ಲಿ ಬೇಳೆ ಬೇಯುವುದು ನಿಂತಿತು. ಊರಿನ ಹೆಂಗಸರೆಲ್ಲ ಬೇಳೆ ಮಾರಿದವನನ್ನು ಬೈದರು. ತಪ್ಪು ಸುಣ್ಣದ್ದೆಂದು ತಿಳಿಯಲು ಆರು ತಿಂಗಳು ಬೇಕಾಯಿತು. ಇದನ್ನು ಹೇಳಿ, "ಕಾಣದಂಗ ಹೋದ ನೀರ ಎಲ್ಲ್ಯೋ ಒಂದ ಕಡೆ ಹೊಂಟಿರತೈತ್ರಿ. ಬಾವಿ ಮ್ಯಾಲ ತೋಡಿದ್ರ ಮುಂಜಾನಿ ಹಾಕಿದ್ದನ್ನ ಸಂಜಿಕ ಕುಡೀಬೇಕಾಗತೈತಿ" ಎಂದೆ.

ಮೊದಲು ನಕ್ಕವನು ಗೌಂಡಿ. ಆಮೇಲೆ ಗಂಡನೂ ನಕ್ಕ. ಬಾವಿಯ ಮಾತು ಅಲ್ಲಿಗೆ ಮುಗಿಯಿತು.

ದನದ ಕೊಟ್ಟಿಗೆಯ ಆಚೆ, ನಮ್ಮ ಜಾಗದ ಎಲ್ಲಕ್ಕಿಂತ ತಗ್ಗಿನ ಮೂಲೆ ಆರಿಸಿದೆ. ಅಲ್ಲಿಂದ ನೆಲ ಹಳ್ಳದ ಕಡೆಗೆ ಇಳಿಯುತ್ತದೆ, ಬಾವಿಗೆ ಬೆನ್ನು. ಮಾಘ ಮಾಸದಲ್ಲಿ ಗೌಂಡಿ, ನನ್ನ ಗಂಡ, ಇಬ್ಬರು ಆಳು ಸೇರಿ ಅಗೆದರು. ಒಂದಾಳು ಇಳಿದ ಮೇಲೆ ಗಂಡ ತಲೆ ಎತ್ತಿದ.

"ಇನ್ನೂ ಕರೇದ ಬರಾಕತ್ತೈತಿ."

"ಅಗೀರಿ."

ಒಂದೂವರೆ ಆಳಾಯಿತು. ಮತ್ತೆ ಕರಿದೇ. ಬಗಲಮನೆಯಾಕೆ ಬಂದು ಇಣುಕಿದಳು. "ಬಾವಿ ತೋಡಾಕತ್ತೀರೇನವಾ?"

"ಹೂಂ. ನೀ ನೀರಿಗೆ ಬಾ" ಎಂದೆ.

ಮುಖದಲ್ಲಿ ತೋರಿಸಲಿಲ್ಲ, ನನಗೂ ಅಳುಕಿತ್ತು. ಇದು ಕೈಕೊಟ್ಟರೆ ಮೂರನೆಯ ಕುಣಿ ಯಾರೂ ತೋಡುವುದಿಲ್ಲ, ತೋಡಿದರೂ ಅಷ್ಟು ದಿನ ಅತ್ತೆ ಇರುವುದಿಲ್ಲ. ಏಳನೆಯ ದಿನ ಬಿಳಿಮಣ್ಣು ಬಂತು. ಎಂಟನೆಯ ದಿನ ಸಲಿಕೆಗೆ ಕರ್ ಎಂದು ಸದ್ದಾಯಿತು.

ಕಲ್ಲು ಇಳಿಸಲು ಹೋದವರನ್ನು ನಾನು ತಡೆದೆ. ಮೊದಲ ಸಲ ನೀರು ಸುರಿದು ಮೋಸ ಹೋಗಿದ್ದೆವು. ಈ ಸಲ ಅಳೆದು ನೋಡಬೇಕು. ಗಡಿಯಾರ ನಮ್ಮ ಮನೆಯಲ್ಲಿರಲಿಲ್ಲ. ನನ್ನ ಬಳಿ ಇದ್ದದ್ದು ರೊಟ್ಟಿ. ಒಂದು ರೊಟ್ಟಿ ಬಡಿದು ಬೇಯಿಸಲು ನನಗೆ ಹಿಡಿಯುವ ಹೊತ್ತು ಯಾವತ್ತೂ ಒಂದೇ. ಮೊದಲು ಮೇಲೆ ಎರೆಯಲ್ಲಿ, ಬಿರುಕಿಲ್ಲದ ಕಡೆ ಸಣ್ಣ ಗುಂಡಿ ಮಾಡಿ ಕೊಡ ನೀರು ಸುರಿದೆ. ಆಳುಗಳಿಗೆಲ್ಲ ಸೇರಿ ಇಪ್ಪತ್ತು ರೊಟ್ಟಿ ಬಡಿದು ಹೊರಗೆ ಬಂದರೂ ನೀರು ಅಲ್ಲೇ ನಿಂತು ಆಕಾಶ ತೋರಿಸುತ್ತಿತ್ತು. ಮರುದಿನ ಕುಣಿಯ ತಳಕ್ಕೆ ಮೂರು ಕೊಡ ಇಳಿಸಿ ಸುರಿಸಿದೆ. ಒಣಮಣ್ಣು ಮೊದಲ ನೀರನ್ನು ಹೇಗೂ ಕುಡಿಯುತ್ತದೆ, ಅದು ಲೆಕ್ಕಕ್ಕಿಲ್ಲ. ಮತ್ತೆ ಮೂರು ಕೊಡ ಸುರಿಸಿ ಒಲೆಯ ಮುಂದೆ ಕೂತೆ. ಅತ್ತೆಯನ್ನು ಕುಣಿಯ ದಂಡೆಗೆ ಕೂರಿಸಿದ್ದೆ, ನೋಡಿ ಹೇಳಲಿ ಎಂದು.

ಐದನೆಯ ರೊಟ್ಟಿ ಹಂಚಿನ ಮೇಲಿತ್ತು. ಕೋಲು ಕುಟ್ಟಿದ ಸದ್ದಾಯಿತು.

"ಏ, ಹೋತು."

"ಪೂರಾ ಹೋತೇನ್ರಿ?"

"ತಳಾ ಕಾಣಾಕತ್ತೈತಿ. ಇಲ್ಲ್ಯಾಕ ಓಡಿ ಬಂದಿ? ಅಲ್ಲಿ ರೊಟ್ಟಿ ಹೊತ್ತಾಕತ್ತಿರಬೇಕ ನೋಡ ಹೋಗ."

ಹೊತ್ತಿತ್ತು. ನಾನೇ ತಿಂದೆ.

ಕಲ್ಲು ಕಟ್ಟುವಾಗ ಇನ್ನೊಂದು ಹಟ ಹಿಡಿದೆ. ಕಲ್ಲು ಎರೆಗೆ ತಾಗಬಾರದು, ನಡುವೆ ಗೇಣು ಜಾಗ ಬಿಟ್ಟು ಗರಸು ತುಂಬಬೇಕು. ಗೌಂಡಿ ಕರಣೆ ಕೆಳಗಿಟ್ಟ.

"ಅಕ್ಕಾರ, ಮೂವತ್ತ ವರ್ಷಾತು ಕಲ್ಲ ಕಟ್ಟಾಕತ್ತು. ಕಲ್ಲಿಗೆ ಹಾಸಗಿ ಹಾಸೂದನ್ನ ಇವತ್ತ ನೋಡಾಕತ್ತೇನಿ."

"ಎರಿ ಉಬ್ಬಿದ್ರ ಹಾಸಗೀನ್ನ ಒತ್ತಲಿ, ಕಲ್ಲ ಒತ್ತೂದ ಬ್ಯಾಡ. ಹಗೇವಿನಾಗ ಹುಲ್ಲ ಹಾಕೂದಿಲ್ಲೇನ, ಹಂಗ."

ಸ್ವಲ್ಪ ಹೊತ್ತು ಕಲ್ಲು ನೋಡಿದ, ಕುಣಿ ನೋಡಿದ. ಆಮೇಲೆ ಹೇಳಿದಂತೆ ಮಾಡಿದ. ಕೊಟ್ಟಿಗೆಯಿಂದ ಅಲ್ಲಿಯ ತನಕ ಹಾಸುಗಲ್ಲು ಹಾಕಿಸಿದೆ, ಕಾಲಿಗೆ ಎರೆ ಸೋಕಬಾರದೆಂದು. ಬಚ್ಚಲ ನೀರನ್ನೂ ಅಲ್ಲಿಗೇ ತಿರುಗಿಸಿದೆವು.

ಮಿರಗ ಬಂತು, ಆರಿದ್ರಾ ಬಂತು. ಎತ್ತು ನೋಡುವ ನೆಪದಲ್ಲಿ ಗಂಡ ದಿನಕ್ಕೆರಡು ಸಲ ಕೊಟ್ಟಿಗೆಗೆ ಹೋಗುತ್ತಿದ್ದ. ಉದ್ದನೆಯ ಕೋಲಿಳಿಸಿ ಎಷ್ಟು ಒದ್ದೆಯಾಗಿದೆ ಎಂದು ನೋಡಿ ಬರುತ್ತಿದ್ದ. ಕಲ್ಲು ಅಲುಗಲಿಲ್ಲ. ಅತ್ತೆ ಮಣೆಯನ್ನು ಬಳಸುತ್ತಿದ್ದಳು, ಉಣ್ಣುವುದು ಮಾತ್ರ ಚೌತವೇ. ಹೋದ ಸಲ ಎರಡು ತಿಂಗಳು ನಂಬಿ ಕೆಟ್ಟಿದ್ದಳಲ್ಲ. ಮಳೆ ಪೂರ್ತಿ ಹೊಡೆದು ತೋರಿಸುವ ತನಕ ಆಕೆ ಯಾರನ್ನೂ ನಂಬುವವಳಲ್ಲ.

ಐದು ದಿನ ಬಿಡದೆ ಮಳೆ ಸುರಿದ ಮೇಲೆ ಒಂದು ಮಧ್ಯಾಹ್ನ ಕೋಲೂರಿಕೊಂಡು ಹಾಸುಗಲ್ಲಿನ ಮೇಲೆ ಒಬ್ಬಳೇ ಹೋದಳು. ತಡವಾಗಿ ಬಂದಳು. ಕೈಕಾಲು ತೊಳೆದು ತಾಟಿನ ಮುಂದೆ ಕೂತಳು. ಚೌತ ರೊಟ್ಟಿ ಉಂಡು ನನ್ನ ಮುಖ ನೋಡಿದಳು.

"ಹಂಚ ಕಾಯ್ದೈತಿಲ್ಲೋ?"

"ಕಾಯ್ದೈತ್ರಿ."

"ಮತ್ತ ನನ್ನ ಮಾರಿ ಏನ ನೋಡ್ತೀ? ಹಾಕ."

ಮೂರು ರೊಟ್ಟಿ ಉಂಡಳು. ತಂಬಿಗೆ ನೀರು ಎತ್ತಿ ಗಟಗಟ ಕುಡಿದಳು. ಎರಡು ವರ್ಷದಲ್ಲಿ ಆಕೆ ನೀರು ಕುಡಿದ ಸದ್ದನ್ನು ನಾನು ಕೇಳಿದ್ದು ಅಂದೇ. ನಾನು ಅಳಲಿಲ್ಲ. ಆದರೆ ಆ ದಿನ ನಾನು ಓಣಿಯಲ್ಲಿ ಬೇಕೆಂದೇ ನಿಧಾನವಾಗಿ ನಡೆದು ನೀರಿಗೆ ಹೋದೆ. ನನ್ನನ್ನು ಎಲ್ಲರೂ ನೋಡಲಿ ಎಂದಿತ್ತು.

ಆಕೆ ಆಮೇಲೆ ಹನ್ನೊಂದು ವರ್ಷ ಬದುಕಿದಳು. ನನ್ನನ್ನು ಬಾಯಿತುಂಬ ಹೊಗಳಿದ್ದು ಒಂದು ಸಲವೂ ಇಲ್ಲ. ಪಾಯಖಾನೆ ಆದ ಮರುವರ್ಷ ರಾಮದುರ್ಗದಲ್ಲಿದ್ದ ಆಕೆಯ ಮಗಳ ಮನೆಯಿಂದ ಕಾಗದ ಬಂತು. ಹೊಳೆಯ ಕಡೆ ಹೊಸ ಮನೆ ಹಾಕುತ್ತಿದ್ದಾರೆ, ಪಾಯಖಾನೆಯೂ ಮಾಡಿಸುತ್ತಾರೆ ಎಂದು. ಅತ್ತೆ ಮಗನನ್ನು ಕೂರಿಸಿ ಉತ್ತರ ಬರೆಸಿದಳು. "ಬರಿ. ನಮ್ಮ ಸೊಸೀನ್ನ ಕಳಸ್ತೇನಿ. ಆಕಿ ಬಂದ ನೋಡೂ ತನಕಾ ಯಾರೂ ಸಲಿಕಿ ಹಚ್ಚಬ್ಯಾಡ್ರಿ."

ಗಂಡ ಬರೆದು, ನಾನೂ ಜೊತೆಗೆ ಹೋಗಲೇನು ಎಂದು ಕೇಳಿದ.

"ನೀ ಹೋಗಿ ಏನ ಮಾಡ್ತೀ?" ಎಂದಳು.

ಹಾಗೆ ನಾನು ಮೊದಲ ಸಲ ಒಬ್ಬಳೇ ಮೋಟಾರು ಹತ್ತಿದೆ. ಹೊರಡುವಾಗ ಅತ್ತೆ ಬಾಗಿಲ ತನಕ ಬಂದಳು. ಬುತ್ತಿ ಕೈಗೆ ಕೊಟ್ಟು ಹೇಳಿದಳು, "ಬೀಗರ ಮನ್ಯಾಗ ಅಡಗಿ ಮಾಡಾಕ ಹಚ್ಚಿದ್ರ ಮಾಡಬ್ಯಾಡ. ನೀ ಮಣ್ಣ ನೋಡಾಕ ಹೊಂಟೀದಿ."

ಅವರು ಅಡಿಗೆಗೆ ಹಚ್ಚಲಿಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದರು. ಚಹಾ ಕುಡಿದು ಎದ್ದೆ, ಜಾಗ ತೋರಿಸ್ರಿ ಎಂದೆ. ಆ ಮನೆಯ ಗಂಡಸರು ಮುಂದೆ ನಡೆದರು.